ಅಳಿಸಿದ ಗೆರೆಗೂ ಕಾವಲಿರುವ ಗೆರೆಯಕ್ಕ

ಶನಿವಾರ, ಬೆಳಗಿನ ಐದೂಮುಕ್ಕಾಲು. ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಕ್ರೀಡಾಂಗಣದ ನಡುಗೆರೆಯಿಂದ ಕಂಬಗಳ ಕಡೆಗೆ ಓಡುತ್ತಿದ್ದಾರೆ. ಕಂಕುಳಲ್ಲಿ ಸುತ್ತಿದ ಟವೆಲ್ಲು, ಕಾಲಲ್ಲಿ ರಬ್ಬರ್ ಬೂಟು. ಹುಲ್ಲು ಕತ್ತರಿಸುವ ಯಂತ್ರದ ಚಾಲಕ ಅವರನ್ನು ಅಟ್ಟಿಸಿಕೊಂಡು ಬರುತ್ತಿದ್ದಾನೆ. ಅವರು ಎದುರಿಗೆ ನೋಡುತ್ತಿಲ್ಲ, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಾರೆ. ಕಂಬಗಳು ಹತ್ತಿರವಾದಾಗ ಫಕ್ಕನೆ ಮುಖ ತಿರುಗಿಸಿ ಹುಲ್ಲನ್ನು ದಿಟ್ಟಿಸಿ ನಿಲ್ಲುತ್ತಾರೆ.

"ಬಂತು ನೋಡು," ಎನ್ನುತ್ತಾರೆ. "ಎಡಗಡೆ ಮೂಲೆ. ಬೆಕ್ಕಿನ ಮೀಸೆಯಷ್ಟು."

ಚಾಲಕ ಮಂಡಿ ಹಿಡಿದು ಏದುಸಿರು ಬಿಡುತ್ತಾನೆ. ಆತ ಅವರ ಗಂಡನ ತಮ್ಮ. "ಅತ್ತಿಗೆ, ನೋಡಿದೋರು ಏನಂದ್ಕೋತಾರೆ? ನೀವು ಟವೆಲ್ ಕದ್ಕೊಂಡು ಓಡ್ತಿದ್ದೀರಿ, ನಾನು ಹಿಡಿಯೋಕೆ ಬಂದಿದ್ದೀನಿ ಅಂತ ತಾನೆ?"

"ಹಿಡೀಲಿಲ್ಲವಲ್ಲ. ಹೋಗು, ಕತ್ತರಿ ತಗೊಂಡು ಬಾ."

ಮೈದಾನಕ್ಕೆ ಬಿಳಿ ಗೆರೆ ಎಳೆಯುವುದು ಇವರ ಕೆಲಸ. ಹಾಗಾಗಿ ಕ್ರೀಡಾಂಗಣದಲ್ಲಿ ಎಲ್ಲರಿಗೂ ಇವರು ಗೆರೆಯಕ್ಕ. ಇಂದು ಇಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಸೆವೆನ್ಸ್ ರಗ್ಬಿ ಸರಣಿಯ ಎರಡು ದಿನದ ಸುತ್ತು ಆರಂಭವಾಗುತ್ತದೆ. ಒಂದೊಂದು ತಂಡದಲ್ಲಿ ಏಳು ಆಟಗಾರ್ತಿಯರು, ಒಂದೊಂದು ಅವಧಿ ಏಳು ನಿಮಿಷ. ಹಾಲು ಕಾಯಿಸಿ ಇಳಿಸುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ. ಹನ್ನೆರಡು ದೇಶಗಳ ತಂಡಗಳು ಊರಿಂದ ಊರಿಗೆ ಹೋಗಿ ಆಡುತ್ತವೆ, ಅಂಕಗಳು ಕೂಡುತ್ತ ಹೋಗುತ್ತವೆ. ಕೊನೆಗೆ ತಳದಲ್ಲಿ ಉಳಿದ ತಂಡ ಮುಂದಿನ ವರ್ಷದ ಸರಣಿಯಲ್ಲಿ ಇರುವುದಿಲ್ಲ.

ಚೆಂಡನ್ನು ಎದುರಾಳಿಯ ಕಡೆ ಕಂಬಗಳು ನಿಂತಿರುವ ಕೊನೆಯ ಗೆರೆಯ ಮೇಲೆ ಅಥವಾ ಅದರಾಚೆ ನೆಲಕ್ಕೆ ಒತ್ತಿದರೆ ಐದು ಅಂಕ, ಕಂಬಗಳ ನಡುವೆ ಒದ್ದರೆ ಎರಡೋ ಮೂರೋ. ಗೆರೆಗಿಂತ ಒಂದು ಗೇಣು ಈಚೆ ಒತ್ತಿದರೂ ಸೊನ್ನೆ. "ಆಫೀಸಿನೋರು ತಮಾಷೆ ಮಾಡ್ತಾರೆ, ಗೆರೆಯಕ್ಕ ಹಾಕಿದ ಗೆರೆ ಯಾರೂ ದಾಟೋ ಹಾಗಿಲ್ಲ ಅಂತ," ಎಂದು ಗೆರೆಯಕ್ಕ ನಗುತ್ತಾರೆ. "ಈ ಆಟದಲ್ಲಿ ದಾಟಲಿ ಅಂತಾನೇ ಹಾಕೋದು."

ಗೆರೆ ಎಳೆಯುವುದು ಅವರಿಗೆ ಕಷ್ಟವಲ್ಲ. ಎರಡು ಗೂಟ, ಒಂದು ಉದ್ದದ ದಾರ, ಬಣ್ಣದ ಗಾಡಿ. ಕಷ್ಟವಿರುವುದು ಅಳಿಸುವುದರಲ್ಲಿ. ವರ್ಷವಿಡೀ ಈ ಮೈದಾನ ಫುಟ್‌ಬಾಲಿನವರದು. ಈ ಸಲವೂ ಗುರುವಾರ ಸಂಜೆ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆಯೇ ಮೈದಾನ ರಗ್ಬಿಯ ಕೈಗೆ ಬಂದದ್ದು. ಹಳೆಯ ಗೆರೆಗಳೆಲ್ಲ ಹೋಗಬೇಕು. ಅದರಲ್ಲೂ ಗೋಲಿನ ಎದುರಿಗೆ ಬರುವ ಚಿಕ್ಕ ಚೌಕದ ಗೆರೆ ಹೋಗಲೇಬೇಕು. ಲೆಕ್ಕ ಹಾಕಿದರೆ ಅದು ರಗ್ಬಿಯ ಕೊನೆಯ ಗೆರೆಗಿಂತ ಮೂರು ಮೀಟರ್ ಈಚೆಗೆ, ಅದಕ್ಕೆ ಸಮಾನಾಂತರವಾಗಿ, ಕಂಬಗಳ ನೇರಕ್ಕೇ ಬೀಳುತ್ತದೆ. ಹಿಂದೆ ನೋಡಿಕೊಂಡು ಓಡಿ ಬರುವವಳ ಕಣ್ಣಿಗೆ ಮೊದಲು ಸಿಗುವುದು ಅದೇ.

ಎರಡು ವರ್ಷದ ಹಿಂದೆ ಸಿಕ್ಕಿತ್ತು.

ಆಗ ಹಳೆಯ ಗೆರೆಯ ಮೇಲೆ ಹಸಿರು ಬಣ್ಣ ಬಳಿಯುವ ಪದ್ಧತಿ ಇತ್ತು. ರಾತ್ರಿ ಇಬ್ಬನಿ ಜೋರಾಗಿ ಬಿತ್ತು. ಬೆಳಗ್ಗೆ ಬೂಟುಗಳ ತುಳಿತಕ್ಕೆ ಹಸಿರು ಕದಡಿ, ಅಡಿಯ ಬಿಳಿ ಮೇಲೆದ್ದಿತು. ಆತಿಥೇಯ ತಂಡದ ಹನ್ನೊಂದನೇ ನಂಬರಿನ ಹುಡುಗಿ ಕೊನೆಯ ನಿಮಿಷದಲ್ಲಿ ಚೆಂಡು ಹಿಡಿದು ಅರ್ಧ ಮೈದಾನ ಓಡಿದಳು. ಹಿಂದೆ ಬರುತ್ತಿದ್ದವಳನ್ನು ನೋಡಿದಳು, ಮುಂದೆ ತಿರುಗಿದಳು, ಕಂಡ ಗೆರೆಯ ಮೇಲೆ ಚೆಂಡು ಒತ್ತಿ ಕೈಯೆತ್ತಿದಳು. ಎದುರಾಳಿ ಆ ಚೆಂಡನ್ನು ಎತ್ತಿಕೊಂಡು ಓಡಿದಳು. ಎರಡು ಅಂಕದಿಂದ ಪಂದ್ಯ ಹೋಯಿತು. ಆ ದೃಶ್ಯ ಟೀವಿಯಲ್ಲಿ ವಾರವಿಡೀ ತಿರುತಿರುಗಿ ಬಂತು. ಗೆರೆ ಗೊತ್ತಿಲ್ಲದ ಹುಡುಗಿ ಎಂದರು. ಮೈದಾನದ ಬಗ್ಗೆ ಯಾರೂ ಕೇಳಲಿಲ್ಲ.

"ಕಣ್ಣು ಅವಳದ್ದಿರಬಹುದು. ಗೆರೆ ನನ್ನದು," ಎನ್ನುತ್ತಾರೆ ಗೆರೆಯಕ್ಕ. ಅದನ್ನು ಅವರು ಅಂದೇ ಕ್ರೀಡಾಂಗಣದ ವ್ಯವಸ್ಥಾಪಕರಿಗೂ ಹೇಳಿದ್ದರು. ಆಗಿದ್ದು ಆಗಿಹೋಯಿತು ಬಿಡಿ, ಎಂದರಂತೆ ಅವರು.

ಪೂರ್ವದ ಗ್ಯಾಲರಿಯ ಮೆಟ್ಟಿಲ ಅಡಿಯಲ್ಲಿ ಗೆರೆಯಕ್ಕನ ಕೋಣೆಯಿದೆ. ಸೂರು ಓರೆ, ಹಿಂದಿನ ಗೋಡೆಗೆ ಹೋಗಬೇಕಾದರೆ ತಲೆ ತಗ್ಗಿಸಬೇಕು. ಬಣ್ಣದ ಡಬ್ಬಿಗಳು, ದಾರದ ಉಂಡೆಗಳು, ಗೋಡೆಗೆ ಒರಗಿಸಿದ ಗೂಟಗಳು, ಒಂದು ಕುರ್ಚಿ. ಮೇಲೆ ಜನ ಕುಣಿದರೆ ಚಹಾದ ಲೋಟಕ್ಕೆ ಧೂಳು ಬೀಳುತ್ತದೆ. "ಧೂಳು ಬಿದ್ರೆ ನಮ್ಮೋರು ಗೆಲ್ತಿದ್ದಾರೆ ಅಂತ ಅರ್ಥ," ಎನ್ನುವ ಅವರು ಲೋಟದ ಮೇಲೆ ತಟ್ಟೆ ಮುಚ್ಚುತ್ತಾರೆ. "ಕೆಲವು ದಿನ ಇಡೀ ಲೋಟ ಚೊಕ್ಕವಾಗಿರುತ್ತೆ."

ಈ ಕೆಲಸ ಮೊದಲು ಗಂಡನದಾಗಿತ್ತು. ಗೆರೆಯಕ್ಕ ದಾರದ ತುದಿ ಹಿಡಿಯಲು ಬರುತ್ತಿದ್ದವರು. ಮಗಳು ಚಿಕ್ಕವಳಿದ್ದಾಗ ಬೆನ್ನಿಗೆ ಕಟ್ಟಿಕೊಂಡೇ ಹಿಡಿದಿದ್ದಾರೆ. ಆಮೇಲೆ ಗಂಡನ ಕಣ್ಣು ಮಂಜಾಗುತ್ತ ಬಂತು. ಶಸ್ತ್ರಚಿಕಿತ್ಸೆ ಒಂದು ಕಣ್ಣಿಗೆ ಫಲಿಸಲಿಲ್ಲ, ಇನ್ನೊಂದಕ್ಕೆ ವೈದ್ಯರೇ ಬೇಡವೆಂದರು. ಒಂದು ಇಡೀ ವರ್ಷ ಗಾಡಿ ತಳ್ಳಿದ್ದು ಇವರು, ಪಕ್ಕದಲ್ಲಿ ನಡೆದದ್ದು ಅವರು. ಆಫೀಸಿಗೆ ಗೊತ್ತಿತ್ತು. ಗೆರೆ ನೇರ ಇದ್ದದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಮರುವರ್ಷ ಕೆಲಸ ಇವರ ಹೆಸರಿಗಾಯಿತು. ಮೈದಾನದ ಸಿಬ್ಬಂದಿಯಲ್ಲಿ ಇಂದಿಗೂ ಇವರೊಬ್ಬರೇ ಹೆಂಗಸು.

"ನಮ್ಮನೆಯೋರಿಗೆ ಈಗ ಗೆರೆ ಕಾಣಲ್ಲ. ಆದ್ರೂ ಟೀವಿ ಮುಂದೆ ಕೂತು, ಬಲಗಡೆ ಸೊಟ್ಟ ಬಂದಿದೆ ಕಣೇ ಅಂತಾರೆ. ಕಾಣದೇ ಇರೋರ ಹತ್ರ ವಾದ ಮಾಡೋಕಾಗುತ್ತಾ? ಮಾರನೇ ದಿನ ಹೋಗಿ ದಾರ ಹಿಡಿದು ನೋಡ್ತೀನಿ." ಸೊಟ್ಟ ಇರುತ್ತದೆಯೇ? "ಒಂದು ಸಲ ಇತ್ತು. ಅದನ್ನ ನಾನು ಅವರಿಗೆ ಹೇಳಿಲ್ಲ."

ಆ ಪಂದ್ಯದ ನಂತರ ಗೆರೆಯಕ್ಕ ಹಸಿರು ಬಣ್ಣವನ್ನು ಕೈಬಿಟ್ಟಿದ್ದಾರೆ. ಈಗ ಚಿಕ್ಕ ಚೌಕದ ಗುಂಟ ಮಂಡಿಯೂರಿ, ಬಣ್ಣ ಹತ್ತಿದ ಹುಲ್ಲಿನ ತುದಿಯನ್ನು ಕತ್ತರಿಯಿಂದ ಕತ್ತರಿಸುತ್ತಾರೆ. ಬುಡವನ್ನು ನೀರು ಬಿಟ್ಟು ಉಜ್ಜಿ, ಎರಡೂ ಬದಿಯ ಹುಲ್ಲನ್ನು ಬ್ರಷ್‌ನಿಂದ ಅದರ ಮೇಲೆ ಬಾಚುತ್ತಾರೆ, ತಲೆಯ ಬೋಳು ಮುಚ್ಚಿದ ಹಾಗೆ. ಯಂತ್ರದಿಂದ ಒಂದೇ ಸಲ ಬೋಳಿಸಿಬಿಡೋಣ ಎನ್ನುವುದು ಮೈದುನನ ಸಲಹೆ. ಅದಕ್ಕೆ ಅವರು ಒಪ್ಪಿಲ್ಲ. "ಬೀಳೋ ಮಕ್ಕಳ ಮೊಣಕೈ ಕಿತ್ತು ಬರುತ್ತೆ. ನಿನ್ನ ಸೊಂಟ ನೋವು ವಾರದಲ್ಲಿ ಹೋಗುತ್ತೆ, ಬಗ್ಗು." ಶುಕ್ರವಾರ ಇಬ್ಬರೂ ಹಗಲೆಲ್ಲ ಬಗ್ಗಿಯೇ ಇದ್ದರು.

ಅಂದೇ ಮಧ್ಯಾಹ್ನ ಆತಿಥೇಯ ತಂಡ ಮೈದಾನ ನೋಡಲು ಬಂತು. ಆ ಹನ್ನೊಂದನೇ ನಂಬರಿನ ಹುಡುಗಿ ಗುಂಪು ಬಿಟ್ಟು ಕಂಬದ ಕಡೆ ಬಂದು, ಬೂಟಿನ ತುದಿಯಿಂದ ಹುಲ್ಲು ಕೆದಕಿದಳು. ನಡುವೆ ಒಂದು ವರ್ಷ ಅವಳು ತಂಡದಲ್ಲಿರಲಿಲ್ಲ, ಈಗಷ್ಟೇ ಮರಳಿದ್ದಾಳೆ.

"ಇಲ್ಲೇ ಅಲ್ವಾ ಆಂಟಿ?"

"ಅಲ್ಲ. ಇನ್ನೊಂದು ಹೆಜ್ಜೆ ಬಲಕ್ಕೆ."

"ನಿಮಗೆ ಹೇಗೆ ನೆನಪು?"

"ನಿನಗೆ ಹೇಗೆ ನೆನಪೋ ಹಾಗೇ."

ಹುಡುಗಿ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತಳು. "ನಮ್ಮಣ್ಣ ಈಗಲೂ ರೇಗಿಸ್ತಾನೆ. ನಾನು ಚಪ್ಪಲಿ ಬಿಟ್ರೆ ಸಾಕು, ಹೊಸಿಲು ದಾಟಿತೋ ಇಲ್ವೋ ನೋಡ್ಕೋ ಅಂತಾನೆ."

"ಓಡುವಾಗ ಕಂಬದ ಬುಡ ನೋಡಮ್ಮ."

"ಹಿಂದೆ ಬರೋಳನ್ನ ನೋಡ್ತಿರ್ತೀನಿ ಆಂಟಿ. ಕಂಬ ಎಲ್ಲಿ ನೋಡ್ಲಿ?" ಎಂದು ನಕ್ಕಳು. ಹೋಗುವಾಗ ತಿರುಗಿ, "ನಾಳೆ ಇಲ್ಲಿ ಒಂದೇ ಗೆರೆ ಇರುತ್ತೆ ತಾನೆ?" ಎಂದು ಕೇಳಿದಳು. ಆಗ ನಗಲಿಲ್ಲ.

"ಒಂದೇ," ಎಂದರು ಗೆರೆಯಕ್ಕ.

ಆ ಮಾತಿಗಾಗಿಯೇ ಶನಿವಾರ ಬೆಳಗ್ಗೆ ಈ ಓಟ. ಇಬ್ಬನಿ ಇರುವಾಗ, ಬಿಸಿಲು ಓರೆಯಾಗಿ ಬೀಳುವಾಗ, ಸತ್ತ ಗೆರೆ ಎದ್ದು ಕಾಣುತ್ತದೆ. ನಿಂತು ನೋಡಿದರೆ ಕಾಣದ್ದು ಓಡಿ ಬಂದು ಮುಖ ತಿರುಗಿಸಿದಾಗ ಕಾಣುತ್ತದೆ. ಹಾಗಾಗಿ ಓಡಬೇಕು, ಹಿಂದೆ ಒಬ್ಬರು ಅಟ್ಟಿಸಿಕೊಂಡೂ ಬರಬೇಕು. ಎಡಮೂಲೆಯ ಮೀಸೆಯನ್ನು ಕತ್ತರಿಸಿ, ಉಜ್ಜಿ, ಬಾಚಿ ಗೆರೆಯಕ್ಕ ಮತ್ತೆ ನಡುಗೆರೆಗೆ ನಡೆಯುತ್ತಾರೆ. ಎರಡನೇ ಓಟದಲ್ಲೂ ಕಾಣುತ್ತದೆ. ಮೂರನೆಯದಕ್ಕೆ ಮೈದುನ ಕುಂಟುತ್ತಾನೆ.

"ಅತ್ತಿಗೆ, ಇನ್ನೊಂದು ಸಲ ಅಂದ್ರೆ ನಾನೇ ಆ ಗೆರೆ ಮೇಲೆ ಮಲಗಿಬಿಡ್ತೀನಿ. ಆ ಹುಡುಗಿ ನನ್ನ ಎಡವಿ ಆ ಕಡೆ ಬೀಳಲಿ."

ನಾಲ್ಕನೆಯ ಓಟದಲ್ಲಿ ಗೆರೆಯಕ್ಕ ಮುಖ ತಿರುಗಿಸಿದ ಮೇಲೂ ನಿಲ್ಲುವುದಿಲ್ಲ. ಕಂಬದ ಬುಡದ ಬಿಳಿ ಗೆರೆಯನ್ನು ದಾಟಿ, ಮಂಡಿಯೂರಿ ಟವೆಲ್ಲನ್ನು ಚೆಂಡಿನಂತೆ ನೆಲಕ್ಕೆ ಒತ್ತುತ್ತಾರೆ. ಏಳಲು ಮೈದುನ ಕೈ ಕೊಡಬೇಕಾಗುತ್ತದೆ.

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಗೆರೆಯಕ್ಕ ಪಂದ್ಯಗಳನ್ನು ಕೂತು ನೋಡುವುದಿಲ್ಲ. ಪಂದ್ಯಗಳ ನಡುವೆ ಸಿಗುವ ಚೂರು ಬಿಡುವಿನಲ್ಲಿ ಮಾಸಿದ ಗೆರೆ ತಿದ್ದುತ್ತಾರೆ. ಹಸಿ ಬಣ್ಣದ ಮೇಲೆ ಬಿದ್ದ ಆಟಗಾರ್ತಿಯರು ಬಿಳಿ ಮೊಣಕೈಯಲ್ಲಿ ಎದ್ದು ಹೋಗುತ್ತಾರೆ. ಬೇರೆ ಆಸೆ ಏನಾದರೂ ಇದೆಯೇ ಎಂದರೆ, "ಆಸೆ ಏನು? ಜನ ಆಟದ ಬಗ್ಗೆ ಮಾತಾಡಬೇಕು. ಗೆರೆ ಬಗ್ಗೆ ಮಾತು ಬಂದ್ರೆ ನಾನು ಕೆಲಸ ಕೆಡಿಸಿದ್ದೀನಿ ಅಂತ," ಎನ್ನುತ್ತಾರೆ.

ಆತಿಥೇಯರ ಆ ದಿನದ ಕೊನೆಯ ಪಂದ್ಯ ಸಂಜೆ. ಬಿಸಿಲು ಮತ್ತೆ ಓರೆಯಾಗಿದೆ. ಗೆರೆಯಕ್ಕ ಬಣ್ಣದ ಬಕೆಟ್ ಹಿಡಿದು ಕಂಬದ ಹಿಂದೆ, ಆಟಗಾರ್ತಿಯರು ಮೈದಾನಕ್ಕೆ ಬರುವ ಸುರಂಗದ ಬಾಯಲ್ಲಿ ನಿಂತಿದ್ದಾರೆ. ಎರಡನೇ ಅವಧಿಯಲ್ಲಿ, ಮೂರು ಅಂಕ ಹಿಂದಿರುವಾಗ, ಹನ್ನೊಂದನೇ ನಂಬರಿನ ಕೈಗೆ ಚೆಂಡು ಬರುತ್ತದೆ. ಅವಳು ಓಡುತ್ತಾಳೆ. ಹೆಗಲ ಮೇಲಿಂದ ಹಿಂದೆ ನೋಡುತ್ತಾಳೆ. ಗ್ಯಾಲರಿಯಲ್ಲಿ ಎಲ್ಲರಿಗೂ ನೆನಪಿದೆ. ಹುಡುಗಿ ಮುಖ ತಿರುಗಿಸುತ್ತಾಳೆ. ಚಿಕ್ಕ ಚೌಕ ಇದ್ದ ಜಾಗದಲ್ಲಿ ಅವಳ ಹೆಜ್ಜೆ ನಿಧಾನವಾಗುವುದಿಲ್ಲ. ಇನ್ನೂ ಮೂರು ಮೀಟರ್ ಓಡಿ, ಚೆಂಡನ್ನು ಎದೆಗೆ ಅವುಚಿಕೊಂಡು, ಕೊನೆಯ ಗೆರೆಯ ಮೇಲೆ ಮೈಚಾಚಿ ಬಿದ್ದು ಜಾರುತ್ತಾಳೆ.

ಐದು ಅಂಕ. ಪಂದ್ಯ ಎರಡು ಅಂಕದಿಂದ ಆತಿಥೇಯರದಾಯಿತು. ಗೆರೆಯ ಒಂದು ಮಾರು ಬಣ್ಣ ಆ ಹುಡುಗಿಯ ಅಂಗಿಗೆ ಹತ್ತಿ ಹೋಗಿತ್ತು. ಮುಂದಿನ ತಂಡಗಳು ಮೈದಾನಕ್ಕೆ ಇಳಿಯುವ ಮೊದಲು ಗೆರೆಯಕ್ಕ ಬಕೆಟ್ ಹಿಡಿದು ಬಂದು ಅಷ್ಟನ್ನು ಮತ್ತೆ ಎಳೆದರು.