ಕೋಳಿಗೂಡಿಗೆ ಕಟ್ಟಿದ ಬಲೆ

ಮಳೆಗಾಲಕ್ಕೆ ಗಂಗೊಳ್ಳಿಯ ಬೋಟುಗಳೆಲ್ಲ ದಡ ಹತ್ತಿದ ಮೇಲೇ ಅಪ್ಪಯ್ಯ ನಮಗೆ ಮನೆಯಲ್ಲಿ ಸಿಗುತ್ತಿದ್ದ ಕಾಲ ಅದು. ಒಲೆಯಲ್ಲಿ ಒಣಮೀನು ಸುಡುವ ವಾಸನೆ, ಚಾವಡಿಯಲ್ಲಿ ಚೆನ್ನೆಮಣೆ ಆಟ, ಅಪ್ಪಯ್ಯನ ಮೇಲೆ ಅಮ್ಮನ ಕೀಟಲೆ. ಆ ವರ್ಷ ಅಮ್ಮ ಬಸುರಿ. ಬಾಣಂತನಕ್ಕೆ ಊರಕೋಳಿಯ ಸಾರೇ ಆಗಬೇಕೆಂದು ಅಜ್ಜಿ ಬೇಸಿಗೆಯಿಂದಲೇ ಕೋಳಿ ಸಾಕಿದ್ದರು. ಮುಂಗುಸಿಯೊಂದು ಅವನ್ನು ಒಂದೊಂದಾಗಿ ಕುತ್ತಿಗೆ ಕಚ್ಚಿ ಕೊಲ್ಲತೊಡಗಿತು.

ಹಲಗೆ ಬಡಿದರೆ ಸಂದಿಯಲ್ಲಿ ನುಗ್ಗಿತು, ಕಲ್ಲಿಟ್ಟರೆ ಅಡಿಯ ಮಣ್ಣು ತೋಡಿತು. ಕೊನೆಗೆ ಅಪ್ಪಯ್ಯ ಹಳೆಯ ನೈಲಾನ್ ಬಲೆ ತಂದು ಗೂಡಿನ ಸುತ್ತ ನೆಲದವರೆಗೂ ಬಿಗಿದರು.

"ಹ್ವಾಯ್, ಮೀನ್ ಸಿಕ್ಲಿಲ್ಲ ಅಂದ್ಹೇಳಿ ಕೋಳಿಗೆ ಬಲೆ ಹಾಕ್ತ್ರಿಯಾ?" ಎಂದು ಅಮ್ಮ ಛೇಡಿಸಿದರು. ಅಪ್ಪಯ್ಯನೂ ನಕ್ಕರು. ಮುಂಗುಸಿ ಮತ್ತೆ ಒಳಗೆ ಬರಲಿಲ್ಲ.

ಬಲೆಗೆ ಸಿಕ್ಕಿದ್ದು ನಾಗರಹಾವು. ಮೊಟ್ಟೆಯ ಆಸೆಗೆ ಬಂದಿರಬೇಕು. ಬೆಳಿಗ್ಗೆ ನಾನು ನುಚ್ಚು ಹಾಕಲು ಹೋದಾಗ ನೂಲು ಅದರ ಹೆಡೆಯ ಕೆಳಗೆ ಮಾಂಸಕ್ಕೇ ಇಳಿದಿತ್ತು. ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ನಮ್ಮ ಕಡೆ ನಾಗನ ಮೇಲೆ ಯಾರೂ ಕೋಲೆತ್ತುವುದಿಲ್ಲ. ಅದರಲ್ಲೂ ಹೆಂಡತಿ ಬಸುರಿಯಾಗಿರುವಾಗ ಗಂಡನ ಕೈಯಿಂದ ಹಾವು ಸತ್ತರೆ ಹೊಟ್ಟೆಯ ಕೂಸಿಗೆ ತಟ್ಟುತ್ತದೆ ಎಂಬ ಭಯ.

"ಅದ್ರ ಜೀವ ಹೋಪುಕಾಗ ಮಗಾ, ಹ್ಯಾಂಗಾರೂ ಬಿಡ್ಸ್," ಎಂದರು ಅಜ್ಜಿ.

ಅಪ್ಪಯ್ಯ ಗೋಣಿ ಹೊದಿಸಿ ಹಾವಿನ ತಲೆ ಒತ್ತಿಹಿಡಿದು, ಚೂರಿಯಿಂದ ಬಲೆಯ ಕಣ್ಣುಗಳನ್ನು ಒಂದೊಂದೇ ಕತ್ತರಿಸಿದರು. ಬಿಡಿಸಿದ ಹಾವು ತೆಂಗಿನ ಬುಡದವರೆಗೆ ಹರಿದು ಅಲ್ಲೇ ಸತ್ತಿತು. ಭಟ್ಟರನ್ನು ಕರೆಸಿ, ಬಿಳಿ ಬಟ್ಟೆ ಸುತ್ತಿ, ಗಂಧದ ಚಕ್ಕೆ ಇಟ್ಟು, ಮನುಷ್ಯರನ್ನು ಸುಟ್ಟ ಹಾಗೇ ಸುಟ್ಟರು.

ಮುಂದಿನ ತಿಂಗಳು ತಮ್ಮ ಹುಟ್ಟಿದ. ಅಳಲಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಎಷ್ಟೋ ಹೆರಿಗೆಗಳಲ್ಲಿ ಹೀಗಾಗುತ್ತದೆ, ಯಾರದ್ದೂ ತಪ್ಪಲ್ಲ ಎಂದು ಡಾಕ್ಟರು ಸಮಾಧಾನದಿಂದಲೇ ವಿವರಿಸಿದರು. ಕುತ್ತಿಗೆಗೆ ಸುತ್ತಿಕೊಂಡಿತ್ತು ಎಂಬುದಷ್ಟೇ ಅಮ್ಮನ ಕಿವಿಗೆ ಬಿದ್ದದ್ದು.

ಅಜ್ಜಿ ಕೋಳಿಗಳನ್ನು ಕಂಡವರಿಗೆ ಕೊಟ್ಟುಬಿಟ್ಟರು. ಅಮ್ಮ ಅಪ್ಪಯ್ಯನನ್ನು ಬೈಯಲಿಲ್ಲ, ಮಾತು ಬಿಟ್ಟರು. ಅತ್ತು ಕೂಗಿ ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕೀಟಲೆ, ನಗು ಎಲ್ಲ ಆ ಮಳೆಗಾಲಕ್ಕೇ ಮುಗಿಯಿತು. ಉಪ್ಪು ಬೇಕಿದ್ದರೂ ಇಬ್ಬರೂ ನನ್ನ ಮೂಲಕವೇ ಕೇಳುತ್ತಿದ್ದರು.

ಈಗ ನಾನು ಶಿರೂರಿನಲ್ಲಿ, ಗಂಡನ ಮನೆಯಲ್ಲಿದ್ದೇನೆ. ಮಧ್ಯಾಹ್ನವಾದರೆ ಅಮ್ಮನ ಫೋನು ಬರುತ್ತದೆ.

"ನಿನ್ ಅಪ್ಪಯ್ಯಂಗೆ ಊಟಕ್ಕೆ ಬಪ್ಪುಕ್ ಹೇಳ್."

ಅಲ್ಲೇ ಚಾವಡಿಯಲ್ಲಿ ಕೂತಿರುವ ಅಪ್ಪಯ್ಯನಿಗೆ ನಾನು ಇಲ್ಲಿಂದ ಫೋನು ಮಾಡುತ್ತೇನೆ.