ಎಲ್ಲರಿಗೂ ಕೊಯ್ಯುವ ಅಥುಮಾನಿ

ಸೆಂಗೆರೆಮಾ ಕಡೆಯ ಆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ದನ ಕೊಯ್ಯುವವನು ಮಸೀದಿಯ ಅಥುಮಾನಿಯೇ. ಅವನು ದೇವರ ಹೆಸರು ಹೇಳಿ ಕೊಯ್ದರೆ ಮಸೀದಿಯವರೂ ಉಣ್ಣುತ್ತಾರೆ, ಚರ್ಚಿನವರೂ ಉಣ್ಣುತ್ತಾರೆ. ಬೇರೆಯವರು ಕೊಯ್ದರೆ ಅರ್ಧ ಊರು ಬರೀ ಅನ್ನ ತಿಂದು ಏಳಬೇಕು. ಇಷ್ಟು ಸರಳವಾದ ಏರ್ಪಾಡಿಗೆ ನಲವತ್ತು ವರ್ಷ ಯಾರೂ ಹೆಸರಿಟ್ಟಿರಲಿಲ್ಲ.

ಮನುಷ್ಯ ಮಹಾ ಜಂಬಗಾರ. ಚೂರಿಯನ್ನು ಹೆಂಡತಿಗೂ ಮುಟ್ಟಗೊಡುವುದಿಲ್ಲ. ಒಂದು ದನದ ಕಣ್ಣೆದುರು ಇನ್ನೊಂದನ್ನು ಕೊಯ್ಯುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ. ದನದ ಕಾಲು ಹಿಡಿಯಲು ಅವನಿಗೆ ಪಕ್ಕದ ಮನೆಯ ಕುಲ್ವಾನೇ ಆಗಬೇಕು. ಕುಲ್ವಾ ಮೀನುಗಾರ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು.

ಊರಿಗೆ ಡಾಂಬರು ಬಂತು, ಕರೆಂಟು ಬಂತು, ಕರೆಂಟಿನ ಬೆನ್ನಿಗೇ ದೊಡ್ಡ ಮೈಕುಗಳ ಹೊಸ ಚರ್ಚೂ ಬಂತು. ಮಸೀದಿಯವರೇನು ಕಡಿಮೆ? ಎರಡು ಮೈಕು ಹೆಚ್ಚಿಗೆ ಕಟ್ಟಿದರು. ಕುಲ್ವಾನ ಮಗಳು ನ್ಯಾಮಿಜಿಗೆ ಗಂಡು ಗೊತ್ತಾದದ್ದು ಆ ಹೊಸ ಚರ್ಚಿನವರಲ್ಲೇ. ಮದುವೆಯ ದನವನ್ನು ನಮ್ಮವರೇ ಕೊಯ್ಯಬೇಕೆಂದು ಅವರ ಪಾಸ್ಟರ್ ಕಟ್ಟಪ್ಪಣೆ ಮಾಡಿದ.

ಮಸೀದಿಯ ಹುಡುಗರು ಅಥುಮಾನಿಯನ್ನು ಕೆಣಕಿದರು. "ಕರೀಲಿಲ್ವಾ ತಾತ? ಇನ್ನು ಅವರ ಹೊಸ್ತಿಲು ತುಳೀಬೇಡ."

"ನನ್ನ ಕಾಲು ಕಣ್ರೋ, ಎಲ್ಲಿ ಬೇಕಾದ್ರೂ ಇಡ್ತೀನಿ" ಎಂದು ರೇಗಿದನೇನೋ ನಿಜ. ಆದರೆ ಕುಲ್ವಾ ಒಂದು ವಾರದಿಂದ ಮುಖ ತೋರಿಸಿರಲಿಲ್ಲ.

ಮದುವೆಯ ಬೆಳಿಗ್ಗೆ ಬೇಲಿಯಾಚೆ ದನ ಬಹಳ ಹೊತ್ತು ಅರಚಿತು. ಅಥುಮಾನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಮೊಂಡು ಚೂರಿ," ಎಂದ ಹೆಂಡತಿಗೆ, "ಹೆಂಗೆ ಒದ್ದಾಡಿಸ್ತಿದಾರೆ ನೋಡು."

ಅಷ್ಟರಲ್ಲಿ ಹೊಸ ಕೋಟು ತೊಟ್ಟ ಕುಲ್ವಾ ಒಂದು ಮೇಕೆ ಎಳೆದುಕೊಂಡು ಬಂದ.

"ಏಳೋ ಮುದುಕಾ. ಅದು ಬೀಗರ ದನ, ಅವರು ಉಣ್ಲಿ. ಇದು ನಂದು."

"ಇದನ್ನ ಯಾರು ತಿಂತಾರೆ?"

"ನೀನು, ನಿಮ್ಮೋರು, ನಾನು. ನನ್ನ ಮಗಳ ಮದುವೇಲಿ ನೀನು ಬರೀ ಅನ್ನ ತಿಂದ್ರೆ ನನಗೆ ತುತ್ತು ಇಳಿಯುತ್ತಾ?"

"ವಾರದಿಂದ ಎಲ್ಲಿ ಸತ್ತಿದ್ದೆ?"

"ನಿನಗೆ ಮುಖ ತೋರಿಸೋಕೆ ಆಗ್ಲಿಲ್ಲ ಮಾರಾಯ."

"ಕೋಟು ಬಿಚ್ಚು, ರಕ್ತ ಆಗುತ್ತೆ" ಎಂದು ಅಥುಮಾನಿ ಚೂರಿ ತರಲು ಎದ್ದ.

ಮಧ್ಯಾಹ್ನ ಚಪ್ಪರದಲ್ಲಿ ಎರಡು ಒಲೆ, ಎರಡು ಪಂಕ್ತಿ. ಆ ಊರು ಇಂಥದ್ದನ್ನು ಕಂಡಿರಲಿಲ್ಲ. ಗೆದ್ದವನು ಪಾಸ್ಟರೇ ಅನ್ನಬೇಕು. ಕುಲ್ವಾ ಪಕ್ಕದಲ್ಲೇ ಕೂತಿದ್ದರೂ ಚಾಪೆಯ ಮೇಲಿನ ಮೇಕೆ ಮಾಂಸದ ಪಿಲಾವು ಅಥುಮಾನಿಗೆ ಸೇರಲಿಲ್ಲ. ಕಣ್ಣು ಮತ್ತೆ ಮತ್ತೆ ಆ ಇನ್ನೊಂದು ಪಂಕ್ತಿಯ ಕಡೆಗೇ ಹೋಗುತ್ತಿತ್ತು.

ಆಗ ನ್ಯಾಮಿಜಿ ಬಿಳಿ ಗೌನನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಗಂಡನ ಕೈ ಹಿಡಿದು ಎಳೆದುಕೊಂಡು ಬಂದು ಅದೇ ಚಾಪೆಯ ಮೇಲೆ ಕೂತಳು. ಅತ್ತ ಪಾಸ್ಟರ್ ಮೈಕಿನಲ್ಲಿ ಮದುಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದ.

"ಕರೀತಿದಾರಲ್ಲಮ್ಮಾ, ಹೋಗು" ಎಂದ ಅಥುಮಾನಿ.

"ಹೋಗ್ತೀನಿ ದೊಡ್ಡಪ್ಪ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮೊದಲು ನೀನೊಂದು ತುತ್ತು ಹಾಕು, ಆಮೇಲೆ ಇವರಿಗೂ ಹಾಕು."

ಮುದುಕ ದೊಡ್ಡ ತುತ್ತನ್ನೇ ಎತ್ತಿದ; ಅರ್ಧ ಪಿಲಾವು ಬಿಳಿ ಗೌನಿನ ಮೇಲೆ ಬಿತ್ತು. ಮೈಕು ಮತ್ತೊಮ್ಮೆ ಕರೆಯಿತು. ಅವಳು ಬಾಯಿ ತೆರೆದುಕೊಂಡೇ ಕೂತಿದ್ದಳು.