ಗುರುವಾರ ಬಂದ ಮೆಸೇಜು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಗೂ ಬೀಜ-ಗೊಬ್ಬರದ ಅಂಗಡಿಗೂ ನಡುವೆ, ಚಂದ್ರಕುಮಾರನ ಆನ್‌ಲೈನ್ ಸೆಂಟರ್ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಪಹಣಿ, ಆಧಾರ್, ರೇಷನ್ ಕಾರ್ಡು ಇವೆಲ್ಲ ಹೊಟ್ಟೆಪಾಡಿಗೆ. ವಿಮಾನದ ಟಿಕೆಟ್ಟು ಮಾತ್ರ ಅವನ ಹೆಮ್ಮೆ.

ಹಾಗಂತ ಅವನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ತರಕಾರಿ ಲಾರಿಗಳಿಗೆ ಬಿಲ್ಲು ಬರೆದುಕೊಂಡಿದ್ದವನು ಮೂವತ್ತೇಳನೇ ವಯಸ್ಸಿಗೆ ಈ ಅಂಗಡಿ ಹಾಕಿದ. ಕ್ಯಾಲಿಕಟ್‌ನಿಂದ ಗಲ್ಫಿಗೆ ಹೋಗುವ ಡ್ರೈವರುಗಳು, ನರ್ಸುಗಳು ಒಬ್ಬೊಬ್ಬರಾಗಿ ಬರತೊಡಗಿದಾಗ, ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿದ್ದ ನಿಯಮಗಳನ್ನೆಲ್ಲ ನಿಘಂಟು ಇಟ್ಟುಕೊಂಡು ಓದಿದ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. "ಪಾಸ್‌ಪೋರ್ಟಲ್ಲಿ ಹೆಂಗದೋ ಟಿಕೆಟ್ಟಲ್ಲೂ ಹಂಗೇ ಹೆಸ್ರಿರ್ಬೇಕು. ಒಂದಕ್ಷರ ಆಚೀಚೆ ಆದ್ರೂ ಅಲ್ಲಿ ನಿಲ್ಲುಸ್‌ಬುಡ್ತರೆ." "ಬ್ಯಾಗ್ನ ಇಲ್ಲೇ ತೂಗುಸ್ಕೊಂಡು ಓಗಿ, ಕೌಂಟ್ರಲ್ಲಿ ಕಿಲೋ ಲೆಕ್ಕದಲ್ಲಿ ಸುಲೀತರೆ." "ಏನಾರ ಎಡವಟ್ಟಾದ್ರೆ ನೆಟ್ಟಲ್ಲಿ ಸಿಕ್ಕಿದ್ ನಂಬ್ರಿಗೆ ಮಾಡ್ಬೇಡಿ. ಕಳ್ರು ಕೂತಿರ್ತರೆ. ಟಿಕೆಟ್ಟಲ್ಲಿರೋ ನಂಬ್ರಿಗೇ ಮಾಡಿ." ಚಾಮರಾಜನಗರದಿಂದಲೂ ಜನ ಇವನನ್ನು ಹುಡುಕಿಕೊಂಡು ಬರುತ್ತಿದ್ದರು.

ಒಂದು ವಿಷಯ ಮಾತ್ರ ಅವನು ತಾನಾಗಿ ಯಾರಿಗೂ ಹೇಳುತ್ತಿರಲಿಲ್ಲ. ಟಿಕೆಟ್ ಬುಕ್ ಮಾಡುವಾಗ ಪ್ರಯಾಣಿಕರ ಮೊಬೈಲ್ ನಂಬರು ಹಾಕಬೇಕಾದ ಜಾಗದಲ್ಲಿ ತನ್ನ ನಂಬರು ಹಾಕುತ್ತಿದ್ದ. ಗಮನಿಸಿ ಕೇಳಿದವರಿಗೆ, "ನೀವು ಸಿಮ್ಮು ಬದ್ಲಾಯಿಸ್ತಿರ್ತೀರ, ಇಂಗ್ಲಿಷ್ ಮೆಸೇಜು ಓದಲ್ಲ. ನನಗೆ ಬಂದ್ರೆ ನಾನೇ ಫೋನ್ ಮಾಡಿ ಹೇಳ್ತೀನಲ್ಲ" ಅನ್ನುತ್ತಿದ್ದ. ಅದು ಸುಳ್ಳಲ್ಲ. ಎಷ್ಟೋ ಸಲ ಹಾಗೆ ಫೋನ್ ಮಾಡಿ ಹೇಳಿಯೂ ಇದ್ದ. ಆದರೆ ಮೆಸೇಜು ತನ್ನ ಕೈಯಲ್ಲಿದ್ದರೆ ಜನ ಇನ್ನೊಂದು ಅಂಗಡಿಗೆ ಹೋಗುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ಏಳು ವರ್ಷ ಹಾಗೇ ನಡೆಯಿತು.

ಹರವೆಯ ಶಶಿರೇಖಾ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸು. ಕೂಲಿ ಮಾಡಿ ಓದಿಸಿದ ನಿಂಗಯ್ಯನ ಒಬ್ಬಳೇ ಮಗಳು. ತಾಯಿ ಪುಟ್ಟಸಿದ್ದಮ್ಮನ ಹೊಟ್ಟೆಯ ಆಪರೇಷನ್ನಿಗೆಂದು ಎರಡು ತಿಂಗಳ ರಜೆ ಹಾಕಿ ಬಂದವಳು, ಗಾಯ ಕೀವಾಗಿ ಇನ್ನೊಮ್ಮೆ ಕೊಯ್ಯಬೇಕಾಗಿ ಬಂದದ್ದರಿಂದ ರಜೆ ಬೆಳೆಸುತ್ತ ಉಳಿದುಬಿಟ್ಟಿದ್ದಳು. ಅವಳ ವೀಸಾದ ಕಟ್ಟಳೆ ಹೀಗಿತ್ತು: ಆರು ತಿಂಗಳಿಗಿಂತ ಒಂದು ದಿನ ಹೆಚ್ಚು ಹೊರಗಿದ್ದರೂ ಅದು ರದ್ದು. ಆ ಆರು ತಿಂಗಳು ಒಂದು ಶನಿವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿತ್ತು.

ಟಿಕೆಟ್ ಮಾಡಿಸಲು ಬಂದ ದಿನ ಅವಳು ಅನುಮಾನದಿಂದಲೇ ಕೇಳಿದಳು. "ಶುಕ್ರವಾರ್ವೇ ಹೋಗ್ಬಿಡ್ಲಾ ಅಣ್ಣ? ಕೊನೇ ದಿನ ಅಂದ್ರೆ ಯಾಕೋ ಭಯ."

"ಶುಕ್ರವಾರ ರೇಟು ಡಬಲ್ ಅದೆ ಕಣವ್ವ. ಶನಿವಾರ ಸಂಜೆ ಐದೂ ನಲವತ್ತಕ್ಕೆ ಬುಟ್ರೆ ಅವ್ರ ಟೈಮಲ್ಲಿ ಏಳೂವರೆಗೆಲ್ಲ ಅಲ್ಲಿರ್ತೀಯ. ನಾನಿವ್ನಿ, ಯೋಚ್ನೆ ಮಾಡ್ಬೇಡ."

ಅವಳು ಒಪ್ಪಿದಳು.

ಆ ವಾರದ ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಷನ್ ಕಾರ್ಡಿಗೆ ಬೆರಳು ಒತ್ತುವ ಕೊನೆಯ ವಾರ, ಸರ್ವರು ಕೈಕೊಟ್ಟಿತ್ತು, ಹೆಂಗಸರು ಬೆಳಗ್ಗೆಯಿಂದ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಆ ಗಲಾಟೆಯಲ್ಲಿ ಅವನ ಫೋನಿಗೆ ವಿಮಾನ ಸಂಸ್ಥೆಯ ಮೆಸೇಜು ಬಂತು. ತೆರೆದು ನೋಡಿದ. ಹೆಸರಿರಲಿಲ್ಲ, ಟಿಕೆಟ್ಟಿನ ಆರಕ್ಷರದ ಗುರುತು ಮಾತ್ರ. ಹೊರಡುವ ಸಮಯ ಬದಲಾಗಿದೆ ಎಂದಿತ್ತು. ಯಾರದೆಂದು ಬುಕಿಂಗ್ ಬರೆದಿಡುವ ಪುಸ್ತಕ ತೆಗೆದು ನೋಡಬೇಕು ಅಂದುಕೊಳ್ಳುವಷ್ಟರಲ್ಲಿ ಸರ್ವರು ಬಂತು. "ಬಂತು ಬಂತು" ಎಂದು ಎಲ್ಲರೂ ಒಟ್ಟಿಗೆ ಮುನ್ನುಗ್ಗಿದರು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

ಶನಿವಾರ ಅಂಗಡಿಗೆ ರಜೆ. ಹೆಂಡತಿ ನಾಗರತ್ನಳ ಹರಕೆಯೊಂದು ಬಾಕಿಯಿತ್ತು. ಇಬ್ಬರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಬಂದು, ಅಲ್ಲಿಂದ ಮೊದಲ ಬಸ್ಸು ಹತ್ತಿ ಮೇಲೆ ಹೋದರು. ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೆಟ್ಟಿಲ ಮೇಲೆ ನಿಂತವರಿಗೆ ಗೋಪುರ ಕಾಣುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಅಲ್ಲಿ ಇರುವುದೂ ಇಲ್ಲ.

ಪೂಜೆ ಮುಗಿಸಿ ನಾಗರತ್ನ ಪ್ರದಕ್ಷಿಣೆ ಹಾಕುತ್ತಿದ್ದಳು. ಇವನು ಕಲ್ಲುಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಮಾಡಲು ಏನೂ ಇರಲಿಲ್ಲ. ಆಗ, ಕರೆಯದೇ, ಆ ಆರು ಅಕ್ಷರ ನೆನಪಿಗೆ ಬಂದವು. ಗುರುವಾರ ಬಂದ ಮೆಸೇಜಿಗೆ ಯಾರಿಗೆ ಫೋನ್ ಮಾಡಿದೆ? ಎಷ್ಟು ಯೋಚಿಸಿದರೂ ಯಾರಿಗೂ ಮಾಡಿದ ನೆನಪಿಲ್ಲ. ಫೋನ್ ತೆರೆದು ಮೆಸೇಜು ಹುಡುಕಿದ. ಹೊರಡುವ ದಿನ ಶನಿವಾರ. ಹೊಸ ಸಮಯ ಮಧ್ಯಾಹ್ನ ಒಂದೂ ಇಪ್ಪತ್ತೈದು. ಹಳೆಯ ಸಮಯ ಐದೂ ನಲವತ್ತು.

ಇನ್ನು ಪುಸ್ತಕ ನೋಡುವ ಅಗತ್ಯವಿರಲಿಲ್ಲ. ಗಂಟೆ ಒಂಬತ್ತೂ ಇಪ್ಪತ್ತು. ಶಶಿರೇಖಾ ಆಗಷ್ಟೇ ಹರವೆಯಿಂದ ಹೊರಟು ಗುಂಡ್ಲುಪೇಟೆ ದಾಟುತ್ತಿರಬೇಕು.

"ನಡಿ, ಕೆಳೀಕೆ ಓಗನ" ಅಂದ ಹೆಂಡತಿಗೆ.

"ಇನ್ನೂ ಮೂರು ಸುತ್ತು ಅದೆ."

"ಬುಡು ಅದ್ನ. ಒಬ್ರು ಬದ್ಕು ಓಗದೆ."

ಅವನ ಮುಖ ನೋಡಿ ನಾಗರತ್ನ ಹೊರಟಳು. ಆದರೆ ಬಸ್ಸು ಎರಡನೇ ತಿರುವಿನಲ್ಲೇ ನಿಂತಿತು. ಆನೆಗಳು. ಮರಿಯ ಜೊತೆ ಮೂರು ಹೆಣ್ಣಾನೆ ರಸ್ತೆಗೆ ಅಡ್ಡ ನಿಂತು ಪಕ್ಕದ ಬಿದಿರು ಮುರಿಯುತ್ತಿದ್ದವು. ಡ್ರೈವರು ಎಂಜಿನ್ ಆಫ್ ಮಾಡಿದ. ಮಂಜಿನೊಳಗಿಂದ ಬಿದಿರು ಸೀಳುವ ಸದ್ದು ಮಾತ್ರ ಬರುತ್ತಿತ್ತು. ಚಂದ್ರಕುಮಾರ್ ನಿಮಿಷಕ್ಕೊಮ್ಮೆ ಫೋನ್ ಎತ್ತಿ ಕಿಟಕಿಗೆ ಹಿಡಿಯುತ್ತಿದ್ದ. ಐವತ್ತು ನಿಮಿಷ ಹಾಗೇ ಕಳೆಯಿತು.

ಬುಡಕ್ಕೆ ಬಂದು ಸಿಗ್ನಲ್ ಸಿಕ್ಕಾಗ ಹತ್ತೂವರೆ. ಶಶಿರೇಖಾಳಿಗೆ ಫೋನ್ ಮಾಡಿದರೆ "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ." ಅವಳೂ ಜೊತೆಗೆ ಹೊರಟಿದ್ದ ನಿಂಗಯ್ಯನೂ ಕೇರಳ ಗಡಿಯ ಮುತ್ತಂಗದ ಕಾಡಿನೊಳಗಿದ್ದರು. ಹನ್ನೊಂದನೇ ಸಲಕ್ಕೆ ರಿಂಗಾಯಿತು.

"ಬತ್ತೇರಿಗೆ ಬಂದ್ವಿ ಅಣ್ಣ" ಅಂದಳು ಶಶಿರೇಖಾ. ದನಿ ಉಲ್ಲಾಸದಲ್ಲಿತ್ತು.

"ಗಾಡಿ ಪಕ್ಕಕ್ಕಾಕ್ಸು ಕಣವ್ವ. ನಿನ್ ಫ್ಲೈಟು ಒಂದೂ ಇಪ್ಪತ್ತೈದಕ್ಕೇ ಅಂತೆ. ಟೈಮು ಚೇಂಜ್ ಮಾಡವ್ರೆ."

ಆ ಕಡೆಯಿಂದ ನಿಂಗಯ್ಯನ ದನಿ ಕೇಳಿಸಿತು, ಡ್ರೈವರಿಗೆ ಹೇಳುತ್ತಿದ್ದದ್ದು: "ಓಡ್ಸಪ್ಪ ಓಡ್ಸು, ನಿಲ್ಲುಸ್ಬೇಡ!"

"ಬೇಡ!" ಎಂದು ಚಂದ್ರಕುಮಾರ್ ಕೂಗಿದ. "ಕೌಂಟ್ರು ಹನ್ನೆರಡೂ ಇಪ್ಪತ್ತೈದಕ್ಕೆ ಮುಚ್ತರೆ. ನೀವು ರೆಕ್ಕೆ ಕಟ್ಕೊಂಡ್ರೂ ಆಗಲ್ಲ. ಆ ಘಾಟಿಲಿ ಸ್ಪೀಡ್ ಹೊಡೆದ್ರೆ ಗಾಡಿ ಪಾತಾಳಕ್ಕೆ ಓಯ್ತದೆ. ಅಲ್ಲೇ ನಿಂತಿರಿ, ನಾನು ಇಲ್ಲಿಂದ ಮಾತಾಡ್ತೀನಿ. ವಿಮಾನ ಹೊರಡೋಕೆ ಮುಂಚೆ ನಾವು ಹೇಳ್ಬೇಕು. ಹೊರಟ್ ಮೇಲೆ ನೀನೇ ಬರ್ಲಿಲ್ಲ ಅಂತ ಬರ್ಕೊಂಬುಡ್ತರೆ, ಆಮೇಲೆ ಏನೂ ಸಿಗಲ್ಲ."

ಟಿಕೆಟ್ಟಿನಲ್ಲಿದ್ದ ವಿಮಾನ ಸಂಸ್ಥೆಯ ನಂಬರಿಗೆ ಮಾಡಿದ. ಕಾಯಿಸುವಾಗ ಹಾಕುವ ಸಂಗೀತ ಕೇಳುತ್ತ ಬೆಟ್ಟದ ಬುಡದ ಚೆಕ್‌ಪೋಸ್ಟಿನ ನೆರಳಿನಲ್ಲಿ ನಿಂತ. ಎರಡು ಸಲ ಲೈನು ಕಡಿಯಿತು. ಮೂರನೇ ಸಲ, ಹನ್ನೊಂದೂ ನಲವತ್ತಕ್ಕೆ, ಒಬ್ಬಳು ಹುಡುಗಿ ಮಾತಾಡಿದಳು. ಮೆಸೇಜನ್ನು ಗುರುವಾರವೇ ಕಳಿಸಲಾಗಿದೆ, ತಲುಪಿದೆ ಎಂದೂ ದಾಖಲಾಗಿದೆ ಅಂದಳು. ಚಂದ್ರಕುಮಾರ್ ಆ ಮಾತನ್ನು ಪಕ್ಕಕ್ಕೆ ತಳ್ಳಿದ. ಸಮಯ ಬದಲಿಸಿದ್ದು ನೀವು, ಹಾಗಾಗಿ ಇನ್ನೊಂದು ವಿಮಾನಕ್ಕೆ ದುಡ್ಡಿಲ್ಲದೆ ಹಾಕಿಕೊಡಬೇಕು ಎಂದು ಹಿಡಿದ ಪಟ್ಟು ಬಿಡಲಿಲ್ಲ. ಕ್ಯಾಲಿಕಟ್‌ನಿಂದ ಇನ್ನು ನಾಳೆಯೇ ಅಂದಳು ಅವಳು. ಕಣ್ಣೂರಿನಿಂದ? ಎಂದು ಇವನು ಕೇಳಿದ. ಹುಡುಕಿ ನೋಡಿ ಹೇಳಿದಳು: ಕಣ್ಣೂರಿನಿಂದ ರಾತ್ರಿ ಎಂಟೂ ಐದಕ್ಕೆ ಇದೆ, ಸೀಟು ಖಾಲಿ ಇದೆ.

ಲೆಕ್ಕ ಹಾಕಿದ. ಮಸ್ಕತ್‌ನ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ ಮುಂಚೆ ಇಳಿಯುತ್ತಾಳೆ. ಎರಡು ಗಂಟೆ ಉಳಿಯುತ್ತದೆ. ಫೋನ್ ಇಡುವ ಮುಂಚೆ, "ಕಾಂಟ್ಯಾಕ್ಟ್ ನಂಬರೂ ಬದಲಾಯಿಸಿ" ಎಂದು ಶಶಿರೇಖಾಳ ನಂಬರು ಕೊಟ್ಟ. ಏಳು ವರ್ಷದಲ್ಲಿ ಅದು ಮೊದಲು.

ಇವನು ಹೇಳಿದಂತೆ ಅವರ ಗಾಡಿ ಕಣ್ಣೂರಿನ ಹಾದಿ ಹಿಡಿದು ಮಾನಂತವಾಡಿಯ ಕಡೆ ತಿರುಗಿತು. ನಾಲ್ಕು ಗಂಟೆಗೆ ಕಣ್ಣೂರು ವಿಮಾನ ನಿಲ್ದಾಣದಿಂದ ಅವಳ ಫೋನ್ ಬಂತು. "ಈ ಏರ್‌ಲೈನ್ಸ್‌ನೋರು ಒಂದ್ ಮಾತು ಮೊದ್ಲೇ ಹೇಳ್ಬಾರದಾಗಿತ್ತಾ ಅಣ್ಣ? ನೀವಿಲ್ದಿದ್ರೆ ನನ್ ಕತೆ ಏನಾಗ್ತಿತ್ತು?"

"ಹುಷಾರಾಗಿ ಓಗು" ಅಂದನಷ್ಟೇ ಚಂದ್ರಕುಮಾರ್.

ಏಳೂವರೆಗೆ ಮತ್ತೆ ಫೋನು. ವಿಮಾನ ತಡವಂತೆ, ಒಂಬತ್ತೂ ಕಾಲು. ಆಮೇಲೆ ಇನ್ನೊಂದು: ಹತ್ತೂ ನಲವತ್ತು. ಅವಳ ದನಿ ಒಡೆದಿತ್ತು. ಇವನು ತನಗೆ ಗೊತ್ತಿದ್ದನ್ನೆಲ್ಲ ಹೇಳಿದ: ಕೇಳಿ ಊಟ ಇಸ್ಕೊ; ಎಷ್ಟು ತಡ, ಯಾಕೆ ತಡ ಅಂತ ಕೌಂಟರಿನಲ್ಲಿ ಕಾಗದದ ಮೇಲೆ ಬರೆಸಿ ಸೀಲ್ ಹಾಕಿಸ್ಕೊ; ಅದನ್ನ ಕಳ್ಕೋಬೇಡ. ಹೇಳುತ್ತಿರುವಾಗಲೇ ಗೊತ್ತಿತ್ತು, ಹತ್ತೂ ನಲವತ್ತಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಹನ್ನೆರಡೂವರೆ. ಅವಳಿಗೂ ಗೊತ್ತಿತ್ತು.

ಆಮೇಲೆ ಅವನ ಫೋನಿಗೆ ಏನೂ ಬರಲಿಲ್ಲ. ಮೆಸೇಜುಗಳು ಈಗ ಅವಳಿಗೆ ಹೋಗುತ್ತಿದ್ದವು.

ಮಂಗಳವಾರ ನಿಂಗಯ್ಯ ಅಂಗಡಿಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದ. ಇಳಿದ ಕೂಡಲೇ ಒಂದು ಕೋಣೆಯಲ್ಲಿ ಕೂರಿಸಿದರಂತೆ. ಆಸ್ಪತ್ರೆಯವರು ಬಂದು ಮಾತಾಡಿದರೂ ಕೇಳಲಿಲ್ಲವಂತೆ. ಮುಂದಿನ ವಿಮಾನಕ್ಕೆ ಹತ್ತಿಸಿ ವಾಪಸ್ ಕಳಿಸಿದರು. ಮಗಳು ಮನೆಯಲ್ಲಿದ್ದಾಳೆ, ಅನ್ನ ಮುಟ್ಟುತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಪುಟ್ಟಸಿದ್ದಮ್ಮನದು. "ಅವ್ಳು ಒಂದೇ ಮಾತಿಡ್ಕೊಂಡವ್ಳೆ ಚಂದ್ರಣ್ಣ. ನಂಗೇನೋ ದೊಡ್ಡ ಕಾಯ್ಲೇನೇ ಆಗದೆ, ಅದ್ಕೇ ಮಗ್ಳು ಓದೋಳು ತಿರುಕ್ಕೊಂಡು ಬಂದವ್ಳೆ, ನೀವೆಲ್ಲ ಮುಚ್ಚಿಕ್ತಿದ್ದೀರಿ ಅಂತವ. ಮಾತ್ರೆ ಕೊಟ್ರೆ ಉಗೀತಳೆ."

ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದ. "ಸರ್ಕಾರಕ್ಕೆ ಕಂಪ್ಲೇಂಟ್ ಬರ್ಕೊಡು. ಟೈಮ್ ಬದ್ಲಾಯಿಸ್ಬುಟ್ಟು ಒಂದ್ ಮಾತೂ ಯೋಳ್ನಿಲ್ಲ ಅವ್ರು."

ಚಂದ್ರಕುಮಾರ್ ದೂರಿನ ಪುಟ ತೆರೆದ. ಹೆಸರು, ಊರು, ಟಿಕೆಟ್ಟಿನ ಗುರುತು ತುಂಬಿದ. ಸಮಯ ಬದಲಾದ ವಿಷಯವನ್ನು ಸಂಸ್ಥೆ ತಿಳಿಸಿತ್ತೇ ಅನ್ನುವ ಪ್ರಶ್ನೆ ಬಂತು. ಹೌದು, ಇಲ್ಲ, ಎರಡು ಚೌಕ. ನಿಂಗಯ್ಯನಿಗೆ ಓದಲು ಬಾರದು. ಇಲ್ಲ ಎಂದು ಒತ್ತಿದರೆ ಅಲ್ಲಿಗೆ ಮುಗಿಯಿತು. ಸಂಸ್ಥೆ ದೊಡ್ಡದು, ಒಂದು ಬೈಗುಳದಿಂದ ಅದಕ್ಕೇನೂ ಆಗುವುದಿಲ್ಲ. ಬೆರಳು ಮೌಸಿನ ಮೇಲೇ ಇತ್ತು. ಹೊರಗೆ ಸುಲ್ತಾನ್ ಬತ್ತೇರಿಯ ಬಸ್ಸಿನವನು ಕೂಗುತ್ತಿದ್ದ.

"ಮೆಸೇಜ್ ಬಂದಿತ್ತು ನಿಂಗಯ್ಯಣ್ಣ" ಅಂದ. "ಗುರುವಾರ್ವೇ ಬಂದಿತ್ತು. ನನ್ ಫೋನಿಗೆ. ನಾನ್ ನಿಮ್ ನಂಬರೇ ಹಾಕಿರ್ನಿಲ್ಲ. ನೋಡ್ದೆ, ನೋಡಿ ಮರ್ತ್‌ಬುಟ್ಟೆ."

ನಿಂಗಯ್ಯ ಅರ್ಥವಾಗದವನಂತೆ ಅವನನ್ನೇ ನೋಡಿದ. ನಿಧಾನವಾಗಿ ಅರ್ಥವಾಯಿತು. "ನೀನೇ ಹಾದಿ ತೋರುಸ್ದೆ ಅಂತ ನಮ್ ಮಗ್ಳು ಮನೇಲೆಲ್ಲ ಯೋಳ್ಕೊಂಡು ತಿರುಗ್ತಾವ್ಳೆ ಕಣಪ್ಪ" ಎಂದ. ಅಷ್ಟೇ. ಎದ್ದು ಹೊರಟುಹೋದ.

ಅಂದು ಚಂದ್ರಕುಮಾರ್ ಬೇರೆ ಕೆಲಸ ಮಾಡಲಿಲ್ಲ. ಪುಸ್ತಕ ತೆಗೆದು, ಇನ್ನೂ ಹೊರಡಬೇಕಾಗಿದ್ದ ಹತ್ತೊಂಬತ್ತು ಜನರ ಟಿಕೆಟ್ಟುಗಳಿಗೆ ಒಂದೊಂದಾಗಿ, ಅವರಿಗೆ ಫೋನ್ ಮಾಡಿ ಕೇಳಿ, ಅವರವರ ನಂಬರು ಹಾಕಿಸುತ್ತ ಬಂದ. ಹದಿನೆಂಟು ಆಯಿತು. ಹಂಗಳದ ಮೂಗಯ್ಯನ ಫೋನು ಮಾತ್ರ ಸ್ವಿಚ್ ಆಫ್. ಬೈಕ್ ತೆಗೆದುಕೊಂಡು ಹಂಗಳಕ್ಕೇ ಹೋದ. ಮೂಗಯ್ಯ ಜಗಲಿಯ ಮೇಲೆ ಕೂತು ಫೋನು ಚಾರ್ಜಿಗೆ ಹಾಕುತ್ತಿದ್ದ.

ಮರುದಿನ ಶಶಿರೇಖಾ ಒಬ್ಬಳೇ ಬಂದಳು. ಕೂರಲಿಲ್ಲ.

"ಮೆಸೇಜು ತೋರ್ಸಿ."

ತೋರಿಸಿದ. ಅವಳು ತನ್ನ ಫೋನಿನಿಂದ ಅದರ ಫೋಟೋ ತೆಗೆದುಕೊಂಡಳು. "ನೀವು ಅಪ್ಪಂಗೆ ಹೇಳಿದ್ದನ್ನೆಲ್ಲ ಬರೆದುಕೊಡಿ. ನಿಮ್ಮ ನಂಬರು ಹಾಕಿದ್ದು, ನನಗೆ ತಿಳಿಸದೇ ಹೋದದ್ದು. ಸೈನ್ ಮಾಡಿ ಸೀಲ್ ಹಾಕಿ. ತಪ್ಪು ನನ್ನದಲ್ಲ ಅನ್ನೋಕೆ ಆಸ್ಪತ್ರೆಯವ್ರು ಕಾಗದ ಕೇಳ್ತಿದಾರೆ."

ಬರೆದುಕೊಟ್ಟ. ಕೊನೆಗೆ ಹಾಕಿದ ಸಹಿ ಸೊಟ್ಟಗಾಯಿತು. ಅವಳು ಇನ್ನೊಮ್ಮೆ ಹಾಕಿಸಿಕೊಂಡಳು. ಹೋಗುವಾಗ, "ಕ್ಷಮಿಸು ಕಣವ್ವ" ಅಂದ. ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಓಣಿಗಿಳಿದಳು.

ಆ ಕಾಗದ ಮತ್ತು ಕಣ್ಣೂರಿನಲ್ಲಿ ಬರೆಸಿಕೊಂಡಿದ್ದ ತಡದ ಚೀಟಿ, ಇವೆರಡನ್ನು ನೋಡಿ ಆಸ್ಪತ್ರೆಯವರು ಹೊಸ ವೀಸಾಕ್ಕೆ ಬರೆದರು. ಎರಡೂವರೆ ತಿಂಗಳು ಹಿಡಿಯಿತು. ಹೊಸದಾಗಿ ಸೇರಿದವರ ಲೆಕ್ಕದಲ್ಲೇ ಸೇರಬೇಕಾಯಿತು. ಐದು ವರ್ಷದ ಹಿರಿತನ ಹೋಯಿತು. ಮಗಳು ಮತ್ತೆ ಪೆಟ್ಟಿಗೆ ತುಂಬುವುದನ್ನು ಕಣ್ಣಾರೆ ಕಂಡ ಮೇಲೆಯೇ ಪುಟ್ಟಸಿದ್ದಮ್ಮ ಮಾತ್ರೆ ನುಂಗತೊಡಗಿದಳು ಎಂದು ಹರವೆಯಿಂದ ಪಹಣಿಗೆ ಬಂದ ಒಬ್ಬರು ಚಂದ್ರಕುಮಾರನಿಗೆ ಹೇಳಿದರು. ಟಿಕೆಟ್ಟನ್ನು ಶಶಿರೇಖಾ ತನ್ನ ಫೋನಿನಲ್ಲೇ ಮಾಡಿಕೊಂಡಿದ್ದಳು. ಈ ಸಲ ಕೆಲಸಕ್ಕೆ ಸೇರಬೇಕಾದ ದಿನಕ್ಕಿಂತ ನಾಲ್ಕು ದಿನ ಮುಂಚಿನದು.

ಅವಳು ಹೊರಡುವ ದಿನವನ್ನೂ ಪಹಣಿಗೆ ಬಂದವರೇ ಹೇಳಿದ್ದರು. ಆ ದಿನ ಚಂದ್ರಕುಮಾರ್ ಬೆಳಗ್ಗೆಯಿಂದ ಕೆಲಸದ ನಡುನಡುವೆ ಆ ವಿಮಾನದ ಸ್ಥಿತಿ ನೋಡುತ್ತಲೇ ಇದ್ದ. ಸಮಯಕ್ಕೆ ಸರಿಯಾಗಿ ಹೊರಟಿತು ಎಂದು ಬಂತು. ಆಮೇಲಿನ ಮೂರು ಗಂಟೆ ಇಪ್ಪತ್ತು ನಿಮಿಷ ಊಟಕ್ಕೂ ಏಳಲಿಲ್ಲ. ಇಳಿಯಿತು ಎಂದು ಬಂದ ಮೇಲೆ ಇನ್ನೂ ಒಂದು ಗಂಟೆ ಕಾದ, ಏನನ್ನು ಕಾಯುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ. ಹರವೆಯಿಂದ ಫೋನ್ ಬರಲಿಲ್ಲ. ಕುರ್ಚಿಯಲ್ಲಿದ್ದ ಮುದುಕಿ, "ನಂದು ಆಧಾರ್ ಆಯ್ತೇನಪ್ಪ?" ಎಂದು ಮೂರನೇ ಸಲ ಕೇಳಿದಾಗ, ಅವಳ ಕೈ ಹಿಡಿದು ಬೆರಳನ್ನು ಯಂತ್ರದ ಮೇಲಿಟ್ಟ.